ಪಾಠಕ್ಕೆ ಪಿಪಿಟಿಯೋ, ಡಿಜಿಟಲ್ ಬೋರ್ಡೋ?

ವರ್ಗ ಸಮೀಕರಣ ಬಿಡಿಸುವುದು, ಪ್ರಮೇಯ ಸಾಧಿಸುವುದು, ಹೀಗೆ ಸಾಲುಸಾಲಾಗಿ ಬೆಳೆಯುವ ಪಾಠಕ್ಕೆ ಬೋರ್ಡೇ ಸರಿ. ನೀವು ಬರೆಯುವ ವೇಗದಲ್ಲೇ ಮಕ್ಕಳೂ ಬರೆದುಕೊಳ್ಳುತ್ತಾರೆ. ಹೃದಯದ ಸೀಳುನೋಟ, ನಕಾಶೆ, ಫೋಟೊ ತೋರಿಸಲು ಪವರ್‌ಪಾಯಿಂಟ್.

ಎರಡೂ ಬೇಕೆಂದರೆ ಓಪನ್‌ಬೋರ್ಡ್ ಎಂಬ ಡಿಜಿಟಲ್ ಬೋರ್ಡ್ ತಂತ್ರಾಂಶ ಹಾಕಿಕೊಳ್ಳಿ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ಪಾಠದ ಹೊತ್ತಿಗೆ ನೆಟ್ ಬೇಡ. ಪಿಪಿಟಿಯನ್ನು ಪಿಡಿಎಫ್ ಆಗಿ ಸೇವ್ ಮಾಡಿ, ಓಪನ್‌ಬೋರ್ಡ್‌ನ ಡಾಕ್ಯುಮೆಂಟ್ಸ್‌ಗೆ ಹೋಗಿ ಇಂಪೋರ್ಟ್ ಕೊಡಿ. ಒಂದೊಂದು ಸ್ಲೈಡೂ ಒಂದೊಂದು ಪುಟವಾಗಿ ಬರುತ್ತದೆ, ಅದರ ಮೇಲೇ ಬರೆಯಬಹುದು.

ಎಡವುವುದು ಇಲ್ಲೇ: ಪಿಡಿಎಫ್‌ನಲ್ಲಿ ಅನಿಮೇಷನ್ ಉಳಿಯುವುದಿಲ್ಲ. ಕ್ಲಿಕ್ ಮಾಡಿದಾಗ ಬರಬೇಕಿದ್ದ ಉತ್ತರ ಪ್ರಶ್ನೆಯ ಜೊತೆಗೇ ಕೂತಿರುತ್ತದೆ! ಅದಕ್ಕೆ ಪಿಡಿಎಫ್ ಮಾಡುವ ಮೊದಲೇ ಪವರ್‌ಪಾಯಿಂಟ್‌ನ ಎಡಗಡೆ ಪಟ್ಟಿಯಲ್ಲಿ ಸ್ಲೈಡ್ ಆರಿಸಿ ಕಂಟ್ರೋಲ್ + ಡಿ ಒತ್ತಿ ನಕಲು ಮಾಡಿ, ಮೊದಲನೆಯದರಲ್ಲಿ ಉತ್ತರ ಅಳಿಸಿ. ಲೆಕ್ಕದ ಸ್ಲೈಡ್ ಆದಮೇಲೆ ಖಾಲಿ ಸ್ಲೈಡ್ ಒಂದಿರಲಿ, ಇಲ್ಲದಿದ್ದರೆ ಮೂಲೆಯಲ್ಲಿ ಇರುಕಿಸಿ ಬರೆಯಬೇಕಾಗುತ್ತದೆ.

ಪಿಡಿಎಫ್‌ನಿಂದ ಇನ್ನೊಂದು ಲಾಭವೂ ಇದೆ. ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಮಾಡಿದ ಪಿಪಿಟಿಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಒಯ್ದರೆ ಆ ತಾಪತ್ರಯವಿಲ್ಲ.

ನಿಮ್ಮ ಬಳಿ ಪವರ್‌ಪಾಯಿಂಟ್ ಮಾತ್ರ ಇದೆಯೇ? ಸ್ಲೈಡ್‌ಶೋ ನಡೆಯುವಾಗ ಕಂಟ್ರೋಲ್ + ಪಿ ಒತ್ತಿದರೆ ಪೆನ್, ಇ ಒತ್ತಿದರೆ ಆ ಸ್ಲೈಡಿನ ಮೇಲೆ ಬರೆದದ್ದೆಲ್ಲ ಅಳಿಯುತ್ತದೆ. ಮುಗಿಸುವಾಗ ‘ಕೀಪ್’ ಆರಿಸಿದರೆ ಬರಹ ಫೈಲಿನಲ್ಲೇ ಉಳಿಯುತ್ತದೆ.

ಅಂದಹಾಗೆ, ಹಳೇ ವಿಡಿಯೊ ನೋಡಿ ಗೂಗಲ್ ಜ್ಯಾಮ್‌ಬೋರ್ಡ್ ಎಂಬ ಡಿಜಿಟಲ್ ಬೋರ್ಡ್ ಹುಡುಕಬೇಡಿ, ಅದು 2024ರ ಕೊನೆಗೇ ನಿಂತಿದೆ.