ಅಕ್ರಿಲಿಕ್ ಪಟ್ಟಿಯ ನೆನಪು: ನಾನು ಅಳೆಯುವ ಬಗೆ

ಅಕ್ರಿಲಿಕ್ ಪಟ್ಟಿಯನ್ನು ಶೇ. 1ರಷ್ಟು ಹಿಗ್ಗಿಸಿ ಹಿಡಿದರೆ ಸ್ಟ್ರೆಸ್, ಅಂದರೆ ಪಟ್ಟಿಯೊಳಗಿನ ಎಳೆತದ ಒತ್ತಡ, ನಿಧಾನವಾಗಿ ಇಳಿಯುತ್ತದೆ. 1,000 ಸೆಕೆಂಡು ಬಿಟ್ಟು ಹಿಗ್ಗನ್ನು ಶೇ. 0.7ಕ್ಕೆ ತಂದು ನಿಲ್ಲಿಸಿ. ಸ್ಟ್ರೆಸ್ ಥಟ್ಟನೆ ಕುಸಿಯುತ್ತದೆ. ಆಮೇಲೆ ಯಾರೂ ಎಳೆಯದೆಯೇ ಏರಿ, ಒಂದು ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಆ ಉಬ್ಬೇ ಪಾಲಿಮರ್‌ನ ನೆನಪು. ಸಾಕಷ್ಟು ಸಲ ಅದು ನೆನಪಲ್ಲ, ಕೋಣೆಯ ಏಸಿ.

ನಾನು ಬಳಸುವುದು 3 ಮಿ.ಮೀ. ದಪ್ಪದ ಎರಕದ ಹಾಳೆ. ಎಕ್ಸ್‌ಟ್ರೂಡ್ (ಅಚ್ಚಿನ ಬಾಯಿಂದ ತಳ್ಳಿ ಮಾಡಿದ) ಹಾಳೆ ಬಿಸಿಗೆ ಉದ್ದಕ್ಕೆ ಕುಗ್ಗಿ ಡೊಂಕಾಗುತ್ತದೆ. 10 ಮಿ.ಮೀ. ಅಗಲಕ್ಕೆ ಕತ್ತರಿಸಿ, ಅಂಚನ್ನು 600, ಆಮೇಲೆ 1200 ನಂಬರಿನ ವಾಟರ್ ಪೇಪರಿನಲ್ಲಿ ಉದ್ದುದ್ದಕ್ಕೆ ಉಜ್ಜಿ, 80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸುತ್ತೇನೆ. ಬಳಿಕ ಗಾಜಿನ ತಟ್ಟೆಯ ಮೇಲೆ 120 ಡಿಗ್ರಿಯಲ್ಲಿ ಅರ್ಧ ಗಂಟೆ. ಅಕ್ರಿಲಿಕ್ ಮೆತ್ತಗಾಗುವುದು 105ರ ಆಸುಪಾಸಿನಲ್ಲಿ, ಹಾಗಾಗಿ ಹಳೆಯ ಚರಿತ್ರೆಯೆಲ್ಲ ಅಳಿಯುತ್ತದೆ. ಹೊರತೆಗೆದು ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆಯಲ್ಲಿ) 24 ಗಂಟೆ, ಎಲ್ಲ ಪಟ್ಟಿಗಳಿಗೂ ಅಷ್ಟೇ. ಗಾಜಿನಂತೆ ಗಟ್ಟಿಯಾದ ಸ್ಥಿತಿಯಲ್ಲಿ ಪಟ್ಟಿ ಸುಮ್ಮನಿದ್ದರೂ ಮುಪ್ಪಾಗುತ್ತಿರುತ್ತದೆ. ಪರೀಕ್ಷೆಯ ಅವಧಿ ಆ ವಯಸ್ಸಿನ ಹತ್ತರಲ್ಲೊಂದು ಪಾಲು ಮೀರಬಾರದು. ಹೊರತೆಗೆದು ಒಂದೇ ಗಂಟೆಯಾದ ಪಟ್ಟಿಗೆ 360 ಸೆಕೆಂಡು ಮಾತ್ರ, ಈ ಕೆಲಸಕ್ಕೆ ಸಾಲದು.

ಈಗ ಏಸಿಯ ಮಾತು. ಶೇ. 1ಕ್ಕೆ ಸ್ಟ್ರೆಸ್ ಸುಮಾರು 30 ಮೆಗಾಪ್ಯಾಸ್ಕಲ್. ಸಮಯ ಹತ್ತುಪಟ್ಟಾದಾಗಲೆಲ್ಲ ಅದು 1.5 ಮೆಗಾಪ್ಯಾಸ್ಕಲ್‌ನಷ್ಟು ಇಳಿಯುತ್ತದೆ ಎಂದಿಟ್ಟುಕೊಂಡರೆ, ಹಿಗ್ಗು ಇಳಿಸಿದ ಐದನೇ ಸೆಕೆಂಡಿನಿಂದ ಲೆಕ್ಕಹಾಕಿದಾಗ ಉಬ್ಬಿನ ಎತ್ತರ ಬರುವುದು ಬರೀ 0.6 ಮೆಗಾಪ್ಯಾಸ್ಕಲ್. ಅಕ್ರಿಲಿಕ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 70 ಪಾಲು ಹಿಗ್ಗುತ್ತದೆ. ಎರಡೂ ತುದಿ ಬಿಗಿದಿರುವಾಗ ಕೋಣೆ ಒಂದು ಡಿಗ್ರಿ ತಣ್ಣಗಾದರೆ 0.2 ಮೆಗಾಪ್ಯಾಸ್ಕಲ್ ಪುಕ್ಕಟೆ ಏರುತ್ತದೆ. ಉಬ್ಬಿನ ಮೂರನೇ ಒಂದು ಪಾಲು! ಮುಚ್ಚಿದ ಪೆಟ್ಟಿಗೆಯೊಳಗೆ ತಾಪಮಾನ 0.1 ಡಿಗ್ರಿಯೊಳಗೆ ನಿಲ್ಲುವವರೆಗೆ ನಾನು ಶುರುಮಾಡುವುದಿಲ್ಲ.

ಸ್ಟ್ರೇನನ್ನು, ಅಂದರೆ ಹಿಗ್ಗನ್ನು, ಪಟ್ಟಿಯ ಮೇಲೆಯೇ ಕೂತು ಅದನ್ನು ಅಳೆಯುವ ಎಕ್ಸ್‌ಟೆನ್ಸೋಮೀಟರಿನಿಂದಲೇ ನಿಯಂತ್ರಿಸಬೇಕು. ಕ್ರಾಸ್‌ಹೆಡ್ (ಯಂತ್ರದ ಎಳೆಯುವ ತೊಲೆ) ನಂಬಿದರೆ ಗ್ರಿಪ್ಪಿನೊಳಗಿನ ಜಾರಿಕೆಯೂ ರಿಲ್ಯಾಕ್ಸೇಶನ್ನಿನ (ಸ್ಟ್ರೆಸ್ ತಾನಾಗಿ ಇಳಿಯುವುದರ) ವೇಷ ಹಾಕುತ್ತದೆ. ಅಳೆಯುವ ಉದ್ದವನ್ನು ತೋರಿಸುವ ಗೇಜ್ ಗುರುತಿಗೆ ಸ್ಪಿರಿಟ್ ಮಾರ್ಕರ್ ಬೇಡ: ಎಳೆತದಲ್ಲಿ ಗೆರೆಯ ಅಡಿಯಿಂದಲೇ ಕೂದಲೆಳೆಯಂಥ ಬೆಳ್ಳಿ ಬಿರುಕು ಹೊರಡುತ್ತವೆ. ಪೆನ್ಸಿಲ್ ಸಾಕು.

ಉಬ್ಬು ಅಸಲಿಯೋ ಎಂದು ನೋಡಲು ಹಿಡಿದ ಅವಧಿಯನ್ನು ಬದಲಿಸುತ್ತೇನೆ. ಸಮಯ ಹತ್ತುಪಟ್ಟಾದಾಗಲೆಲ್ಲ ಒಂದೇ ಸಮ ಇಳಿಯುವ ಆ ಲಾಗ್ ಲೆಕ್ಕದಂತೆ ಉಬ್ಬಿನ ತುದಿ ಬರುವುದು ಹಿಡಿದ ಕಾಲದ 0.3/0.7 (ಇಳಿಸಿದ ಹಿಗ್ಗು/ಉಳಿದ ಹಿಗ್ಗು) ಪಾಲಿಗೆ: 1,000 ಸೆಕೆಂಡಿಗೆ ಸುಮಾರು 430, 100ಕ್ಕೆ 43. ಶೇ. 1ರಲ್ಲಿ ಪಟ್ಟಿ ಪೂರ್ತಿ ರೇಖೀಯವಲ್ಲದ ಕಾರಣ ತುಸು ಆಚೀಚೆಯಾದೀತು. ಎರಡರಲ್ಲೂ ತುದಿ ಒಂದೇ ಜಾಗದಲ್ಲಿ ಕೂತರೆ, ಅಳೆದದ್ದು ಕೋಣೆಯನ್ನು.