ಸ್ಪೈಸ್ಡ್ ರಮ್ ಹೋಲಿಸುವ ಮುನ್ನ ಒಂದಿಷ್ಟು ನೀರು

ಸ್ಪೈಸ್ಡ್ ರಮ್‌ಗಳನ್ನು, ಅಂದರೆ ಮಸಾಲೆ ಬೆರೆಸಿದ ರಮ್‌ಗಳನ್ನು, ಬಾಟಲಿಯಿಂದ ನೇರವಾಗಿ ಸುರಿದು ಹೋಲಿಸಿದರೆ ಹೆಚ್ಚು ಸಿಹಿಯಿರುವುದೇ ಗೆಲ್ಲುತ್ತದೆ. ಆಲ್ಕೋಹಾಲ್ ಪ್ರಮಾಣವೂ ಒಂದೇ ಇರುವುದಿಲ್ಲ: ಕ್ಯಾಪ್ಟನ್ ಮಾರ್ಗನ್ ಸ್ಪೈಸ್ಡ್ ಗೋಲ್ಡ್ 35%. ಸೈಲರ್ ಜೆರಿ ಬ್ರಿಟನ್ನಿನಲ್ಲಿ 40%, ಅಮೆರಿಕದಲ್ಲಿ 46%. ಆಲ್ಕೋಹಾಲಿನ ಉರಿಯನ್ನು ಮಸಾಲೆಯ ಖಾರವೆಂದು ನಾಲಿಗೆ ಸುಲಭವಾಗಿ ತಪ್ಪು ತಿಳಿಯುತ್ತದೆ.

ಅದಕ್ಕೇ ನಾನು ಎಲ್ಲವನ್ನೂ 20%ಕ್ಕೆ ಇಳಿಸುತ್ತೇನೆ. 20 ಮಿ.ಲೀ. ರಮ್ 35% ಇದ್ದರೆ 15 ಮಿ.ಲೀ. ನೀರು, 40% ಇದ್ದರೆ 20, 46% ಇದ್ದರೆ 26. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದರೆ ಲೆಕ್ಕ ತಪ್ಪುವುದಿಲ್ಲ. ಫಿಲ್ಟರ್ ನೀರನ್ನೇ ಬಳಸಿ, ಗಡಸು ಬೋರ್‌ವೆಲ್ ನೀರು ಬೇಡ. ಬಾಯಿ ಕಿರಿದಾದ ಗ್ಲಾಸಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಜೊತೆಗೆ ಓಲ್ಡ್ ಮಾಂಕ್ ಒಂದು ಗ್ಲಾಸ್ ಇರಲಿ: 42.8%, ಅಂದರೆ 23 ಮಿ.ಲೀ. ನೀರು. ಸ್ಪೈಸ್ಡ್ ಎಂದು ಮಾರದಿದ್ದರೂ ಅದರಲ್ಲಿ ವೆನಿಲಾ ವಾಸನೆ ಧಾರಾಳ. ನಮಗೆಲ್ಲ ಪರಿಚಿತ ರುಚಿಯಾದ್ದರಿಂದ ಉಳಿದವನ್ನು ಅದರ ಪಕ್ಕದಲ್ಲಿಟ್ಟು ಅಳೆಯುವುದು ಸುಲಭ.

ಸಕ್ಕರೆ ತಿಳಿಯಲು ಆಲ್ಕೋಹಾಲ್ ಹೈಡ್ರೋಮೀಟರ್ ಬೇಕು, ಅಂದರೆ ದ್ರವದಲ್ಲಿ ತೇಲಿ ಆಲ್ಕೋಹಾಲ್ ಪ್ರಮಾಣ ತೋರಿಸುವ ಮೀಟರ್. ನೀರು ಬೆರೆಸದ ರಮ್ಮಿನಲ್ಲಿ ತೇಲಿಬಿಡಿ. ಸಕ್ಕರೆ ದ್ರವವನ್ನು ಭಾರ ಮಾಡುವುದರಿಂದ ಮೀಟರ್ ಲೇಬಲ್ಲಿಗಿಂತ ಕಡಿಮೆ ತೋರಿಸುತ್ತದೆ. ಪ್ರತಿ 1% ಕೊರತೆಗೆ ಲೀಟರಿಗೆ ಸರಿಸುಮಾರು 4 ಗ್ರಾಂ ಸಕ್ಕರೆ ಎಂದು ಹಿಡಿಯಬಹುದು. ಎಡವಟ್ಟಾಗುವುದು ಉಷ್ಣಾಂಶದಲ್ಲಿ. ಮೀಟರ್ 20 ಡಿಗ್ರಿಗೆ ಹೊಂದಿಸಿದ್ದರೆ, 28 ಡಿಗ್ರಿಯ ಕೋಣೆಯಲ್ಲಿ ಸುಮಾರು 3% ಹೆಚ್ಚು ತೋರಿಸಿ ಅಷ್ಟೂ ಸಕ್ಕರೆಯನ್ನು ಮರೆಮಾಚುತ್ತದೆ. ಫ್ರಿಜ್ಜಿನಲ್ಲಿಟ್ಟು 20ಕ್ಕೆ ತಂದು ಅಳೆಯಿರಿ. ಯುರೋಪಿನಲ್ಲಿ ರಮ್ ಎನಿಸಿಕೊಳ್ಳಲು ಕನಿಷ್ಠ 37.5% ಇರಬೇಕು, ಪರಿಮಳ ಸೇರಿಸುವಂತಿಲ್ಲ, ಸಿಹಿ ಲೀಟರಿಗೆ 20 ಗ್ರಾಂ ಮೀರುವಂತಿಲ್ಲ. ಕ್ಯಾಪ್ಟನ್ ಮಾರ್ಗನ್ ಸ್ಪೈಸ್ಡ್ ಅಲ್ಲಿ ರಮ್ ಎನಿಸದೆ ಬರೀ 'ಸ್ಪಿರಿಟ್ ಡ್ರಿಂಕ್' ಆಗಿರುವುದು ಇದೇ ಕಾರಣಕ್ಕೆ. ಸಿಹಿಯ ಆ ಮಿತಿ ಅದಕ್ಕೆ ಅನ್ವಯಿಸದು.

ಇನ್ನು ಮಸಾಲೆ. ವೈಟ್ ರಮ್ಮಿನಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ನೆನೆಸಿಟ್ಟುಕೊಂಡರೆ ಮೂಗಿಗೆ ಗುರುತು ಸಿಗುತ್ತದೆ. 100 ಮಿ.ಲೀ.ಗೆ ಒಂದೇ ಲವಂಗ, ಒಂದು ದಿನ. ಎರಡು ಸೆಂ.ಮೀ. ಚಕ್ಕೆ, ಎರಡು ದಿನ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಗರು ಇಳಿಯುತ್ತದೆ. ಅರ್ಧ ವೆನಿಲಾ ಕೋಡು, ಒಂದು ವಾರ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರ ಹೆರೆದುಬಿಡಿ, ಕಹಿಯೆಲ್ಲ ಅಲ್ಲಿಂದ ಬರುತ್ತದೆ.

ಈಗ ನೀರು ಬೆರೆಸಿಟ್ಟ ರಮ್ಮನ್ನು ಬಾಯಲ್ಲಿ ಹತ್ತು ಸೆಕೆಂಡ್ ಹಿಡಿದು ಉಗುಳಿ. ಲವಂಗವಿದ್ದರೆ ನಾಲಿಗೆಯ ತುದಿ ಜೋಮು ಹಿಡಿಯುತ್ತದೆ, ಲವಂಗದ ಎಣ್ಣೆಯಲ್ಲಿರುವ ಯುಜಿನಾಲ್ ಮಾಡುವ ಕೆಲಸ ಅದು. ಚಕ್ಕೆಯ ಖಾರ ತಡವಾಗಿ ಬಂದು, ಉಗುಳಿದ ಮೇಲೂ ಉಳಿಯುತ್ತದೆ. ಜೋಮು ಹಿಡಿದ ನಾಲಿಗೆ ಮುಂದಿನ ಗ್ಲಾಸಿಗೆ ನ್ಯಾಯ ಮಾಡದು. ಲವಂಗ ಹೆಚ್ಚಿರುವುದನ್ನು ಮೂಗಿನಲ್ಲೇ ಪತ್ತೆಹಚ್ಚಿ ಕೊನೆಗೆ ಇಡಿ. ನಡುನಡುವೆ ಉಪ್ಪು ಹಾಕದ ಮಂಡಕ್ಕಿ, ನೀರು. ಒಂದು ಸಂಜೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ಬಣ್ಣ ನೋಡಿ ವಯಸ್ಸು ಅಂದಾಜಿಸಬೇಡಿ, ಕ್ಯಾರಮೆಲ್ ಹಾಕಿ ಎಷ್ಟು ಬೇಕಾದರೂ ಕಪ್ಪು ಮಾಡಬಹುದು.

ಖಾಲಿ ಗ್ಲಾಸನ್ನು ಅರ್ಧ ಗಂಟೆ ಬಿಟ್ಟು ಮೂಸುವುದು ನನಗೆ ಬಹಳ ನಂಬಿಕೆಯ ಪರೀಕ್ಷೆ. ಕಾಕಂಬಿ, ಮರದ ವಾಸನೆ ಉಳಿದಿದ್ದರೆ ಒಳಗೆ ಒಳ್ಳೆಯ ರಮ್ ಇದೆ. ಬರೀ ವೆನಿಲಾ ಉಳಿದರೆ ಆ ಬಾಟಲಿ ಕೋಲಾದ ಜೊತೆಗಷ್ಟೇ ಸರಿ. ಅದನ್ನೂ ಒಂದು ಪಾಲು ರಮ್ಮಿಗೆ ಮೂರು ಪಾಲು ಕೋಲಾದಂತೆ, ಐಸ್ ಹಾಕಿಯೇ ನೋಡಿ. ತಂಪಿಗೆ ಸಿಹಿ, ವಾಸನೆ ಎರಡೂ ಮಂಕಾಗುವುದರಿಂದ ಅಲ್ಲಿ ಕ್ರಮಾಂಕ ಅದಲುಬದಲಾಗುವುದುಂಟು.