ವಿಎಂವೇರ್ ಬಿಟ್ಟು ಪ್ರಾಕ್ಸ್‌ಮಾಕ್ಸ್‌ಗೆ: ಮೂರು ಸರ್ವರಿನ ಕ್ಲೌಡ್ ಕಟ್ಟಿದ ಬಗೆ

ಒಂದೇ ಸರ್ವರಿನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವ ಸಾಫ್ಟ್‌ವೇರಿನ ಕಂಪನಿ ವಿಎಂವೇರನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡಿತು. ಒಮ್ಮೆ ದುಡ್ಡು ಕಟ್ಟಿ ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸಿನ ಮಾರಾಟ ಅದರ ಹಿಂದೆಯೇ ನಿಂತಿತು. ನಮ್ಮ ಇಆರ್‌ಪಿ (ಕಂಪನಿಯ ಲೆಕ್ಕಪತ್ರ, ವ್ಯವಹಾರ ನೋಡುವ ಸಾಫ್ಟ್‌ವೇರ್), ಡೇಟಾಬೇಸ್, ಫೈಲ್ ಸರ್ವರ್ ಹಗಲೂ ರಾತ್ರಿ ಒಂದೇ ಸಮ ಓಡುವಂಥವು. ಅವನ್ನು ಅಮೆಜಾನಿನಂಥ ಕ್ಲೌಡಿಗೆ ಹಾಕಿ ಗಂಟೆ ಲೆಕ್ಕದ ಬಾಡಿಗೆ ಕಟ್ಟುವುದು ನನಗೆ ಸರಿ ಕಾಣಲಿಲ್ಲ. ಅವನ್ನು ಆಫೀಸಿನಲ್ಲೇ, ವಿಎಂವೇರಿನ ಕೆಲಸವನ್ನೇ ಮಾಡುವ ಪ್ರಾಕ್ಸ್‌ಮಾಕ್ಸ್ ಸಾಫ್ಟ್‌ವೇರ್ ಮೇಲೆ ಕೂರಿಸಿ, ಅಮೆಜಾನಿನ ಮುಂಬೈ ರೀಜನ್ನಿನಲ್ಲಿ ಬ್ಯಾಕಪ್ ಮಾತ್ರ ಇಟ್ಟೆ.

ಸರ್ವರ್ ಮೂರು ಬೇಕೇ ಬೇಕು. ಎರಡೇ ಇದ್ದು ಒಂದು ಬಿದ್ದರೆ ಬಹುಮತವಿಲ್ಲದೆ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಸರ್ವರುಗಳ ಗುಂಪು) ನಿಂತುಬಿಡುತ್ತದೆ. ಒಂದೊಂದಕ್ಕೂ 1.92 ಟಿಬಿಯ ನಾಲ್ಕು ಎಸ್‌ಎಸ್‌ಡಿ ಹಾಕಿದೆ. ಕರೆಂಟ್ ಹೋದರೂ ಬರೆಯುತ್ತಿದ್ದುದನ್ನು ಉಳಿಸಿಕೊಳ್ಳುವ ಕೆಪಾಸಿಟರ್ ಇರುವ ಎಂಟರ್‌ಪ್ರೈಸ್ ಡಿಸ್ಕನ್ನೇ ಕೊಳ್ಳಿ, ಮನೆ ಪಿಸಿಯ ಎಸ್‌ಎಸ್‌ಡಿ ಮೇಲೆ ಸೆಫ್ (ಎಲ್ಲ ಸರ್ವರಿನ ಡಿಸ್ಕುಗಳನ್ನು ಒಂದೇ ಸಂಗ್ರಹವಾಗಿ ಬಳಸುವ ಸಾಫ್ಟ್‌ವೇರ್) ತೆವಳುತ್ತದೆ.

ಜಾಗದ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಒಟ್ಟು 23 ಟಿಬಿ ಕಂಡರೂ ಸೆಫ್ ಪ್ರತಿಯೊಂದನ್ನೂ ಮೂರು ಕಡೆ ಬರೆಯುವುದರಿಂದ ಕೈಗೆ ಸಿಗುವುದು 7.68. ಅದೂ ಪೂರ್ತಿ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಅದರ ಪಾಲೆಲ್ಲ ಅದೇ ಸರ್ವರಿನ ಉಳಿದ ಮೂರು ಡಿಸ್ಕಿನ ಮೇಲೆ ಬೀಳುತ್ತದೆ. 64% ತುಂಬಿದ್ದ ಡಿಸ್ಕ್ ಆಗ 85% ಮುಟ್ಟುತ್ತದೆ, ಸೆಫ್ ಎಚ್ಚರಿಕೆ ಕೊಡಲು ಶುರುಮಾಡುವುದೂ ಅಲ್ಲೇ. 95% ದಾಟಿದರೆ ಬರೆಯುವುದೇ ಬಂದ್. ಹಾಗಾಗಿ 4.9 ಟಿಬಿಗೆ ಗೆರೆ ಎಳೆದೆ.

ಸೆಫ್‌ಗೆ 10 ಗಿಗಾಬಿಟ್ ನೆಟ್‌ವರ್ಕ್ ಕೊಟ್ಟು, ಸರ್ವರುಗಳು ಒಂದನ್ನೊಂದು ಬದುಕಿದೆಯೇ ಎಂದು ವಿಚಾರಿಸಿಕೊಳ್ಳುವ ಕೋರೋಸಿಂಕ್‌ಗೆ ಬೇರೆಯೇ ಕೇಬಲ್ ಎಳೆದೆ. ಅದಕ್ಕೆ ವೇಗ ಬೇಡ, ತಡವಾಗಬಾರದು ಅಷ್ಟೆ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 9000 ಬೈಟ್ ಮಾಡಿದಾಗ ಸ್ವಿಚ್ಚಿನ ಒಂದು ಪೋರ್ಟ್ 1500ರಲ್ಲೇ ಉಳಿದಿತ್ತು. ಮಾಮೂಲಿ ಪಿಂಗ್ ಹೋಗುತ್ತಿತ್ತು, ಡೇಟಾ ಮಾತ್ರ ಅಲ್ಲಾಡುತ್ತಿರಲಿಲ್ಲ. ಪ್ಯಾಕೆಟ್ ಒಡೆಯದಂತೆ 8972 ಬೈಟಿನ ಪಿಂಗ್ ಕಳಿಸಿದಾಗಲೇ ತಪ್ಪು ಸಿಕ್ಕಿದ್ದು. ಹೆಡರಿನ 28 ಬೈಟ್ ಸೇರಿದರೆ ಸರಿಯಾಗಿ 9000.

ವಿಂಡೋಸ್ ವಿಎಂ ಸಾಗಿಸುವಾಗ ಮೊದಲು ಹಳೆಯ ಸ್ನ್ಯಾಪ್‌ಶಾಟ್ ಅಳಿಸಿ, ವಿಎಂವೇರ್ ಟೂಲ್ಸ್ ತೆಗೆಯಿರಿ. ನೇರವಾಗಿ ವರ್ಟ್‌ಐಒ (ವಿಎಂಗಳಿಗೆಂದೇ ಇರುವ ವೇಗದ ಸಾಧನ ಮಾದರಿ) ಡಿಸ್ಕಿನಿಂದ ಬೂಟ್ ಮಾಡಿದರೆ ಡ್ರೈವರ್ ಇಲ್ಲದೆ ನೀಲಿ ಪರದೆ ಬರುತ್ತದೆ. ನಾನು ಮಾಡಿದ್ದು ಹೀಗೆ: ಬೂಟ್ ಡಿಸ್ಕನ್ನು ಸಾಟಾ ಎಂದಿಟ್ಟು, ಜೊತೆಗೆ 1 ಜಿಬಿಯ ಖಾಲಿ ವರ್ಟ್‌ಐಒ ಡಿಸ್ಕ್ ಸೇರಿಸಿದೆ. ವಿಂಡೋಸ್ ಎದ್ದ ಮೇಲೆ ಡ್ರೈವರ್ ಹಾಕಿ, ಬಂದ್ ಮಾಡಿ, ಬೂಟ್ ಡಿಸ್ಕನ್ನೂ ವರ್ಟ್‌ಐಒಗೆ ಬದಲಿಸಿ, ಬೂಟ್ ಆರ್ಡರನ್ನು ಮತ್ತೆ ಟಿಕ್ ಮಾಡಿದೆ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗುತ್ತದೆ. ಐಪಿ ಸೆಟ್ಟಿಂಗಿನಲ್ಲಿ ಹೊಸ ಹೆಸರು ಬರೆದರೆ ಮುಗಿಯಿತು.

ಬ್ಯಾಕಪ್ ರಾತ್ರಿ ಅಮೆಜಾನಿನ ಫೈಲ್ ಸಂಗ್ರಹ ಸೇವೆ ಎಸ್‌3ಗೆ ಏರುತ್ತದೆ. ನಡುವೆ ಇಂಟರ್‌ನೆಟ್ ಕಡಿದರೆ ಅರ್ಧ ಏರಿದ ತುಂಡುಗಳು ಫೈಲ್ ಪಟ್ಟಿಯಲ್ಲಿ ಕಾಣದೆ ಅಲ್ಲೇ ಉಳಿಯುತ್ತವೆ, ಬಿಲ್ಲಿಗೆ ಮಾತ್ರ ಸೇರುತ್ತವೆ. 7 ದಿನಕ್ಕೆ ಅವನ್ನು ಅಳಿಸುವ ಲೈಫ್‌ಸೈಕಲ್ ನಿಯಮ ಮೊದಲ ದಿನವೇ ಹಾಕಬೇಕು. ಏರಿಸಲು ಡೇಟಾ ಶುಲ್ಕವಿಲ್ಲ, ಇಳಿಸಲು ತಿಂಗಳಿಗೆ 100 ಜಿಬಿ ಮೀರಿದರೆ ದುಡ್ಡು. ಅದಕ್ಕಿಂತ ದೊಡ್ಡ ತೊಡಕು ಹೊತ್ತು. 100 ಎಂಬಿಪಿಎಸ್ ಲೈನಿನಲ್ಲಿ 5 ಟಿಬಿ ಇಳಿಯಲು ನಾಲ್ಕೂವರೆ ದಿನ ದಾಟುತ್ತದೆ. ಅಷ್ಟು ದಿನ ಇಆರ್‌ಪಿ ನಿಲ್ಲಿಸಲಾಗದು. ಅದಕ್ಕೇ ಕೊನೆಯ ಏಳು ದಿನದ ಬ್ಯಾಕಪ್ಪನ್ನು ಕ್ಲಸ್ಟರಿಗೆ ಸೇರದ ಇನ್ನೊಂದು ಪೆಟ್ಟಿಗೆಯಲ್ಲಿ, ಆಫೀಸಿನ ಬೇರೆ ಮಹಡಿಯಲ್ಲಿ ಇಟ್ಟಿದ್ದೇನೆ.